ಅಪ್ರಸ್ತುತ ಪ್ರಸಂಗಿಗೆ ಒಂದು ಚೀಟಿ



ಕುರಿಚಿಯ ಕನ್ನಡಿಗರ ದತ್ತಿ ಉಪನ್ಯಾಸ ಎಂದರೆ ಪಂಪನೋ ಹರಿಹರನೋ ಬರುತ್ತಾನೆ ಎಂದು ಕಾದು ಕುಳಿತವರು ಕೆಲವರಾದರೂ ಇರಬಹುದು. ಈ ಸಲ ಮನಸ್ಸಿನ ವಿಷಯ ಇರಲಿ ಎಂದು ಸಂಘಟಕರು ಹೇಳಿದರು. ನಾನು ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಹೇಳಿದವನು, ವೈದ್ಯನಲ್ಲ. ಆದ್ದರಿಂದ ಮಾತ್ರೆ ಬರೆದುಕೊಡುವ ಅಧಿಕಾರ ನನಗಿಲ್ಲ. ಚೀಟಿ ಬರೆಯಿರಿ ಎಂದು ಹೇಳುವ ಅಧಿಕಾರ ಮಾತ್ರ ಇದೆ. ಇವತ್ತಿನ ಮಾತೆಲ್ಲ ಆ ಚೀಟಿಯ ಸುತ್ತಲೇ.

ವಿಷಯವನ್ನು ದೂರದಿಂದ ತರಬೇಕಾಗಿಲ್ಲ. 2013ರಲ್ಲಿ ಇಂಡಿಯನ್ ಜರ್ನಲ್ ಆಫ್ ಸೈಕಿಯಾಟ್ರಿಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಇದೇ ಕೊಯಮತ್ತೂರು ಜಿಲ್ಲೆಯ ನಾಲ್ಕು ಶಾಲೆಗಳ 6ರಿಂದ 11 ವರ್ಷದ 770 ಮಕ್ಕಳನ್ನು ತೆಗೆದುಕೊಂಡು, ತಂದೆತಾಯಿ ಮತ್ತು ಶಿಕ್ಷಕರಿಗೆ ಪ್ರಶ್ನಾವಳಿ ಕೊಟ್ಟು, ಎಡಿಎಚ್‌ಡಿ ಎಂಬ ಗಮನ ನಿಲ್ಲದ, ಚಡಪಡಿಸುವ ತೊಂದರೆ ಎಷ್ಟು ಮಕ್ಕಳಲ್ಲಿದೆ ಎಂದು ನೋಡಿದರು. ಸಿಕ್ಕ ಉತ್ತರ ಶೇಕಡ 11.32. ಗುರುತಾದವರಲ್ಲಿ ಮೂರರಲ್ಲಿ ಎರಡು ಪಾಲು ಗಂಡುಮಕ್ಕಳು. ಲೋಕದ ಬೇರೆ ಬೇರೆ ಅಧ್ಯಯನಗಳನ್ನು ಕೂಡಿಸಿ ನೋಡಿದರೆ ಬರುವ ಅಂಕಿ ಶೇಕಡ 5ರ ಆಸುಪಾಸು. ಹಾಗಾದರೆ ನೊಯ್ಯಲ್ ನದಿಯ ನೀರಿನಲ್ಲೇ ಏನಾದರೂ ಇದೆಯೇ ಎಂದು ಗಾಬರಿಪಡಬೇಡಿ. ಪ್ರಶ್ನಾವಳಿಯಿಂದ ಎಣಿಸಿದಾಗ ಅಂಕಿ ಏರುತ್ತದೆ, ವೈದ್ಯರು ಒಬ್ಬೊಬ್ಬರನ್ನೇ ಕೂರಿಸಿ ಪರೀಕ್ಷಿಸಿದಾಗ ಇಳಿಯುತ್ತದೆ. ಅರ್ಧಕ್ಕೆ ಇಳಿಸಿಕೊಂಡರೂ, 40 ಮಕ್ಕಳ ತರಗತಿಯಲ್ಲಿ ಇಂಥ ಇಬ್ಬರು ಕೂತಿರುತ್ತಾರೆ. ಹೆಣ್ಣುಮಕ್ಕಳ ಲೆಕ್ಕವನ್ನು ಮಾತ್ರ ನಾನು ಪೂರ್ತಿ ನಂಬುವುದಿಲ್ಲ. ಗಲಾಟೆ ಮಾಡದೆ ಕಿಟಕಿಯಾಚೆ ನೋಡುತ್ತ ಕೂರುವ ಹುಡುಗಿಯ ಬಗ್ಗೆ ಯಾರೂ ದೂರು ಹೇಳುವುದಿಲ್ಲ. ದೂರಿಲ್ಲದವರು ಲೆಕ್ಕಕ್ಕೂ ಸಿಗುವುದಿಲ್ಲ.

ಇದೆಲ್ಲ ಮೊಬೈಲ್ ಬಂದಮೇಲೆ ಬಂದ ಕಾಯಿಲೆ ಎನ್ನುವ ಮಾತು ಪ್ರತಿ ಸಭೆಯಲ್ಲೂ ಕೇಳಿಬರುತ್ತದೆ. ಅಲೆಗ್ಸಾಂಡರ್ ಕ್ರೈಟನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಗಮನ ನಿಲ್ಲದ ಮನಸ್ಸಿನ ಬಗ್ಗೆ ಬರೆದದ್ದು 1798ರಲ್ಲಿ. ಆಗ ಇಲ್ಲಿ ಟಿಪ್ಪುವಿನ ಆಡಳಿತ, ಕೊಯಮತ್ತೂರು ಇನ್ನೂ ಮೈಸೂರಿನ ಕೈಯಲ್ಲಿತ್ತು. 1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳ ಬಗ್ಗೆ ಉಪನ್ಯಾಸಗಳನ್ನೇ ಕೊಟ್ಟ. ಮೊಬೈಲು ಬೆಂಕಿಗೆ ತುಪ್ಪ ಹಾಕಿರಬಹುದು. ಬೆಂಕಿ ಹಚ್ಚಿದ್ದು ಅದಲ್ಲ.

ಈಗ ತಲೆಯೊಳಗೆ ಏನಾಗುತ್ತದೆ ಎಂದು ನೋಡೋಣ. ನಿಮ್ಮಲ್ಲಿ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಅಷ್ಟಾವಧಾನ ನೋಡಿದವರು ಇರುತ್ತೀರಿ. ವೇದಿಕೆಯ ನಡುವೆ ಅವಧಾನಿ, ಸುತ್ತ ಪ್ರಶ್ನೆ ಕೇಳುವ ಎಂಟು ಜನ ಪೃಚ್ಛಕರು. ನಿಷೇಧಾಕ್ಷರಿಯವರು ಒಂದೊಂದು ಅಕ್ಷರಕ್ಕೂ ಅಡ್ಡ ಹಾಕುತ್ತಾರೆ. ಸಮಸ್ಯಾಪೂರಣದವರು ಅರ್ಥವೇ ಕೆಟ್ಟಂತೆ ಕಾಣುವ ಒಂದು ಸಾಲು ಕೊಟ್ಟು ಪದ್ಯವಾಗಿಸಿ ಎನ್ನುತ್ತಾರೆ. ದತ್ತಪದಿಯವರು ಒಂದಕ್ಕೊಂದು ಸಂಬಂಧವಿಲ್ಲದ ಪದಗಳನ್ನು ಎಸೆಯುತ್ತಾರೆ. ಸಂಖ್ಯಾಬಂಧದವರು ನಡುನಡುವೆ ಚೌಕದ ಯಾವುದೋ ಮನೆಯ ಸಂಖ್ಯೆ ಕೇಳುತ್ತಾರೆ. ಇಷ್ಟು ಸಾಲದು ಎಂಬಂತೆ ಅಪ್ರಸ್ತುತ ಪ್ರಸಂಗಿ ಎಂಬೊಬ್ಬರು ಇರುತ್ತಾರೆ. ಪದ್ಯದ ಮೂರನೇ ಸಾಲು ಕಟ್ಟುತ್ತಿರುವ ಹೊತ್ತಿಗೆ ಸರಿಯಾಗಿ “ಅವಧಾನಿಗಳೇ, ನಿಮ್ಮ ಮನೆಯಲ್ಲಿ ಇವತ್ತು ಏನು ಸಾರು?” ಎಂದು ಕೇಳುವುದೇ ಅವರ ಕೆಲಸ. ಅವಧಾನಿ ನಗುತ್ತ ಉತ್ತರ ಕೊಟ್ಟು, ಬಿಟ್ಟ ಸಾಲಿಗೇ ಮರಳಬೇಕು. ಕೈಯಲ್ಲಿ ಪೆನ್ನಿಲ್ಲ, ಕಾಗದವಿಲ್ಲ. ಕೊನೆಗೆ ಧಾರಣೆಯಲ್ಲಿ ಎಲ್ಲ ಪದ್ಯಗಳನ್ನೂ ಒಪ್ಪಿಸಬೇಕು. ಶತಾವಧಾನಿ ಆರ್. ಗಣೇಶ್ ಅವರು ಇಂಥ ಸಾವಿರಕ್ಕೂ ಹೆಚ್ಚು ಅಷ್ಟಾವಧಾನಗಳನ್ನು ಮಾಡಿದ್ದಾರೆ ಎಂದರೆ ಚಪ್ಪಾಳೆ ತಟ್ಟುತ್ತೇವೆ, ತಟ್ಟಲೇಬೇಕು.

ಚಪ್ಪಾಳೆ ತಟ್ಟಿ ಮನೆಗೆ ಬಂದು ಏನು ಮಾಡುತ್ತೇವೆ? ಹತ್ತು ವರ್ಷದ ಹುಡುಗನನ್ನು ಕರೆದು, “ಬ್ಯಾಗಲ್ಲಿ ಟಿಫನ್ ಡಬ್ಬಿ ತೆಗೆದಿಡು, ಯೂನಿಫಾರ್ಮ್ ಒಗೆಯೋಕೆ ಹಾಕು, ಮೇಲಿನ ಮನೆ ಅತ್ತೆ ಹತ್ರ ಮೊಸರು ಇಸ್ಕೊಂಡು ಬಾ, ಬರೋವಾಗ ಮೋಟರ್ ಆಫ್ ಮಾಡು” ಎಂದು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಅವನು ಮೊಸರು ತಂದು, ಮೋಟರ್ ಮರೆತು, ನೀರು ಹರಿದು, ಬೈಗುಳ ತಿನ್ನುತ್ತಾನೆ. ಅವಧಾನಿಗೆ ವರ್ಷಗಟ್ಟಲೆಯ ಸಾಧನೆ ಇದೆ. ಹುಡುಗನಿಗೆ ಇರುವುದು ಒಂದು ಸಂಜೆ.

ತಲೆಯಲ್ಲಿ ಹಿಡಿದಿಟ್ಟುಕೊಂಡು ಕೆಲಸ ಮಾಡುವಾಗಿನ ನೆನಪಿಗೆ ಜಾಗ ಬಹಳ ಕಡಿಮೆ. 1956ರಲ್ಲಿ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ ಅದನ್ನು ಏಳು ಸಂಗತಿಗಳ ಆಸುಪಾಸು ಎಂದಿದ್ದ. 2001ರಲ್ಲಿ ನೆಲ್ಸನ್ ಕೋವನ್ ಲೆಕ್ಕ ಹಾಕಿ ನಾಲ್ಕಕ್ಕೆ ಇಳಿಸಿದ. ಇದು ನಮ್ಮೆಲ್ಲರ ಪಾಡು. ಎಡಿಎಚ್‌ಡಿ ಇರುವ ಬಹಳ ಜನರಲ್ಲಿ ಈ ಜಾಗ ಇನ್ನೂ ಇಕ್ಕಟ್ಟು. ಮೇಲಾಗಿ ಅವರ ತಲೆಯಲ್ಲಿ ಅಪ್ರಸ್ತುತ ಪ್ರಸಂಗಿ ಒಬ್ಬನೇ ಇರುವುದಿಲ್ಲ, ಅವನ ಇಡೀ ಕುಟುಂಬವೇ ಬಂದು ಕೂತಿರುತ್ತದೆ. ಗಮನ ಅವರಲ್ಲಿ ಇಲ್ಲವೆಂದಲ್ಲ. ಇಷ್ಟವಾದದ್ದು ಸಿಕ್ಕರೆ ಊಟ ಮರೆತು ಕೂರುತ್ತಾರೆ. ಎಲ್ಲಿಗೆ ತಿರುಗಿಸಬೇಕೋ ಅಲ್ಲಿಗೆ ತಿರುಗಿಸುವುದು, ಬಿಟ್ಟದ್ದಕ್ಕೆ ಮರಳುವುದು, ಇವೆರಡು ಕೈಗೆ ಸಿಗುವುದಿಲ್ಲ. ವೈದ್ಯರ ಕೈಪಿಡಿಯಲ್ಲಿ ಲಕ್ಷಣಗಳು ಎಂದು ಬರೆದಿರುವುದನ್ನು ನೋಡಿ: ದಿನದ ಕೆಲಸ ಮರೆಯುವುದು, ವಸ್ತು ಕಳೆದುಕೊಳ್ಳುವುದು, ಹಿಡಿದ ಕೆಲಸ ಮುಗಿಸದಿರುವುದು, ಎದುರಿಗೆ ಮಾತಾಡುತ್ತಿದ್ದರೂ ಕೇಳದವರಂತಿರುವುದು. ನಮ್ಮ ಮನೆಗಳಲ್ಲಿ ಇವಕ್ಕೆ ಬೇರೆ ಹೆಸರುಗಳಿವೆ: ಮರೆಗುಳಿ, ಸೋಮಾರಿ, ನಿಗಾ ಇಲ್ಲದವನು. ಮೂವತ್ತು ವರ್ಷ ಇವನ್ನು ಕೇಳಿಸಿಕೊಂಡವರು ಕೊನೆಗೆ ತಮ್ಮನ್ನು ತಾವೇ ಹಾಗೆ ಕರೆದುಕೊಳ್ಳುತ್ತಾರೆ.

ಇಲ್ಲಿಗೆ ಚೀಟಿ ಬರುತ್ತದೆ. 2010ರಲ್ಲಿ ಅಮೆರಿಕದ ಸ್ಟೀವನ್ ಸಾಫ್ರೆನ್ ಮತ್ತು ಜೊತೆಯವರು, ಎಡಿಎಚ್‌ಡಿಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೂ ತೊಂದರೆ ಪೂರ್ತಿ ಹೋಗದಿದ್ದ 86 ವಯಸ್ಕರ ಮೇಲೆ ಒಂದು ಪ್ರಯೋಗ ಮಾಡಿದರು. ಒಂದು ಗುಂಪಿಗೆ ಆರಾಮವಾಗುವ ವ್ಯಾಯಾಮ ಮತ್ತು ತಿಳಿವಳಿಕೆ, ಇನ್ನೊಂದಕ್ಕೆ ಕೌಶಲಗಳನ್ನು ಕಲಿಸುವ ಚಿಕಿತ್ಸೆ. ಎರಡನೇ ಗುಂಪಿನಲ್ಲಿ ಸುಧಾರಿಸಿದವರು ಮೊದಲನೆಯದರ ಸುಮಾರು ಎರಡರಷ್ಟು. ಕಲಿಸಿದ್ದು ಏನು ಎಂದು ನೋಡಿದರೆ ನಗು ಬರಬಹುದು. ಒಂದು ಕ್ಯಾಲೆಂಡರು, ಒಂದು ಕೆಲಸದ ಪಟ್ಟಿ, ದೊಡ್ಡ ಕೆಲಸವನ್ನು ತುಂಡು ಮಾಡುವ ಅಭ್ಯಾಸ, ಮತ್ತೊಂದು ಸಣ್ಣ ಉಪಾಯ. ಕೆಲಸಕ್ಕೆ ಕೂತಾಗ ಪಕ್ಕದಲ್ಲಿ ಹಾಳೆ ಇಟ್ಟುಕೊಳ್ಳಿ, ಗಡಿಯಾರಕ್ಕೆ ಅಲಾರಂ ಕೊಡಿ. ನಡುವೆ ಬೇರೆ ಯೋಚನೆ ನುಗ್ಗಿದರೆ ಅದರ ಬೆನ್ನು ಹತ್ತಬೇಡಿ, ಅದನ್ನು ಓಡಿಸಲೂ ಹೋಗಬೇಡಿ. ಹಾಳೆಯ ಮೇಲೆ ಬರೆದು ಕೆಲಸಕ್ಕೆ ಮರಳಿ. ಅಲಾರಂ ಆದಮೇಲೆ ಹಾಳೆ ನೋಡಿದರಾಯಿತು. ಅಂದರೆ ಅಪ್ರಸ್ತುತ ಪ್ರಸಂಗಿಯ ಕೈಗೆ ಒಂದು ಟೋಕನ್ ಕೊಟ್ಟು ಕೂರಿಸುವುದು. ಅವನ ಪ್ರಶ್ನೆ ದಾಖಲಾಯಿತು ಎಂದು ಗೊತ್ತಾದರೆ ಅವನು ಸುಮ್ಮನಾಗುತ್ತಾನೆ. ಆಮೇಲೆ ನೋಡಿದರೆ ಆ ಪ್ರಶ್ನೆಗಳಲ್ಲಿ ಬಹಳಷ್ಟಕ್ಕೆ ಉತ್ತರವೇ ಬೇಕಿರುವುದಿಲ್ಲ.

ನಾನು ಹತ್ತಿರದಿಂದ ಕಂಡ ಒಬ್ಬನ ಚೀಟಿಯ ವಿಚಾರ ಹೇಳುತ್ತೇನೆ. ಅವನ ಹೆಸರು ಬೇಡ, ಕೆಲಸ ಮಾಡುವ ಜಾಗದ ಹೆಸರೂ ಬೇಡ. ಇಲ್ಲೇ ಸಿಡ್ಕೊ ಕೈಗಾರಿಕಾ ಎಸ್ಟೇಟಿನ ಒಂದು ಸಣ್ಣ ಶೆಡ್ಡಿನಲ್ಲಿ ಮೇಲ್ವಿಚಾರಕ. ಪಂಪಿನ ಬಿಡಿಭಾಗಗಳ ಲೇತ್ ಕೆಲಸ. ಮನೆಮಾತು ಕನ್ನಡ, ಅಜ್ಜ ಮಗ್ಗದವರು. ಹುಡುಗ ಬಹಳ ಚುರುಕು, ಯಂತ್ರದ ಸದ್ದು ಕೇಳಿಯೇ ಬೇರಿಂಗ್ ಹೋಗಿದೆ ಎನ್ನಬಲ್ಲ. ಆದರೆ ಯಾರಿಗೆ ಯಾವ ಮಾಲು ಯಾವತ್ತು ಎಂಬುದು ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ವೈದ್ಯರು ಎಡಿಎಚ್‌ಡಿ ಎಂದು ಹೇಳಿದ್ದು ಇಪ್ಪತ್ತೈದು ದಾಟಿದ ಮೇಲೆ. ಅದಕ್ಕೆ ಮುಂಚೆ ಅವನು ಚಂದದ ರಟ್ಟಿನ ಡೈರಿಗಳನ್ನು ಕೊಂಡಿದ್ದ, ಎಲ್ಲದರಲ್ಲೂ ಮೊದಲ ಕೆಲವು ಪುಟ ಮಾತ್ರ ತುಂಬಿದ್ದವು. ಫೋನಿನಲ್ಲಿ ಪಟ್ಟಿ ಮಾಡುವ ಆ್ಯಪ್ ಹಾಕಿಕೊಂಡಿದ್ದ. ಪಟ್ಟಿ ನೋಡಲೆಂದು ಫೋನ್ ತೆಗೆದವನು ಅರ್ಧ ಗಂಟೆಯ ಮೇಲೆ ಯಾವುದೋ ಕ್ರಿಕೆಟ್ ವಿಡಿಯೋದಲ್ಲಿ ಇರುತ್ತಿದ್ದ.

ಈಗ ಅವನು ಬಳಸುವುದು ನಮ್ಮ ಎಲ್ಲರ ಮನೆಯ ಗೋಡೆಯ ಮೇಲೂ ಇರುವ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರನ್ನು. ಶಿವಕಾಶಿಯಲ್ಲಿ ಅಚ್ಚಾಗಿ ಬರುತ್ತದಲ್ಲ, ಮುಂದೆ ದೊಡ್ಡ ತಾರೀಖು, ರಾಹುಕಾಲ, ನಲ್ಲ ನೇರಂ, ಹಿಂದೆ ಖಾಲಿ. ಬೆಳಿಗ್ಗೆ ಆ ದಿನದ ಹಾಳೆ ಹರಿದು ಹಿಂಬದಿಯಲ್ಲಿ ಬರೆಯುತ್ತಾನೆ. ಅಂಗೈಯಗಲದ ಕಾಗದ, ಹಾಗಾಗಿ ಐದಾರು ಸಾಲಿಗಿಂತ ಹೆಚ್ಚು ಹಿಡಿಸುವುದಿಲ್ಲ. ನಾನು ನೋಡಿದ ದಿನ ಅದರಲ್ಲಿದ್ದದ್ದು ಇಷ್ಟು: ಕೇಸಿಂಗ್ ನಲವತ್ತು, ಮಧ್ಯಾಹ್ನದೊಳಗೆ; ಡ್ರಿಲ್ ಬಿಟ್ ತರಿಸು, ಫೋನ್ ಹತ್ತಕ್ಕೆ; ಅಮ್ಮನ ಬಿಪಿ ಮಾತ್ರೆ, ಸುಂದರಾಪುರಂ ಅಂಗಡಿ, ವಾಪಸ್ ಹೋಗುವಾಗ; ವೆಲ್ಡಿಂಗ್ ಬಿಲ್ಲು. ಆ ಹಾಳೆಯನ್ನು ಬಟ್ಟೆ ಒಣಗಿಸುವ ಕ್ಲಿಪ್ಪಿನಲ್ಲಿ ಸಿಕ್ಕಿಸಿ, ಕ್ಲಿಪ್ಪನ್ನು ಬೈಕಿನ ಕೀಲಿಗೊಂಚಲಿಗೆ ಕಟ್ಟಿದ್ದಾನೆ. ಕೀಲಿ ಮುಟ್ಟದೆ ಅವನು ಎಲ್ಲಿಗೂ ಹೋಗುವಂತಿಲ್ಲ, ಕೀಲಿ ಮುಟ್ಟಿದರೆ ಚೀಟಿ ಕೈಗೆ ತಾಗುತ್ತದೆ. ಸಂಜೆ ಮುಗಿಯದ ಸಾಲನ್ನು ನಾಳೆಯ ಹಾಳೆಗೆ ಬರೆದು ಇವತ್ತಿನದನ್ನು ಕಸದ ಬುಟ್ಟಿಗೆ ಹಾಕುತ್ತಾನೆ.

ಈ ಚೀಟಿಯಲ್ಲಿ ಓದಿಕೊಂಡವರ ಶಾಸ್ತ್ರವೆಲ್ಲ ಇದೆ ಎಂದು ಅವನಿಗೆ ಗೊತ್ತಿಲ್ಲ, ಗೊತ್ತಾಗುವ ಅಗತ್ಯವೂ ಇಲ್ಲ. ನಿಮಗೆ ಹೇಳುತ್ತೇನೆ. ಎಡಿಎಚ್‌ಡಿಯ ಬಗ್ಗೆ ದಶಕಗಳಿಂದ ಕೆಲಸ ಮಾಡಿದ ರಸೆಲ್ ಬಾರ್ಕ್ಲೆ ಮತ್ತೆ ಮತ್ತೆ ಹೇಳುವ ಮಾತೊಂದಿದೆ. ಇವರಿಗೆ ಏನು ಮಾಡಬೇಕೆಂದು ಗೊತ್ತಿರುತ್ತದೆ, ಗೊತ್ತಿರುವುದನ್ನು ಆ ಗಳಿಗೆಯಲ್ಲಿ ಮಾಡುವುದು ಕಷ್ಟ. ಆದ್ದರಿಂದ ನೆನಪಿಸುವ ವಸ್ತು, ಕೆಲಸ ಆಗಬೇಕಾದ ಜಾಗದಲ್ಲೇ, ಆ ಹೊತ್ತಿಗೇ, ಕಣ್ಣಿಗೆ ಬೀಳುವಂತೆ ಇರಬೇಕು. ಬೀರುವಿನೊಳಗಿನ ಡೈರಿ ಎಷ್ಟು ಚೆನ್ನಾಗಿದ್ದರೂ ಬೀರುವಿನೊಳಗೇ ಇರುತ್ತದೆ. ಕೀಲಿಗೊಂಚಲು ಪ್ಯಾಂಟಿನ ಜೇಬಿನಲ್ಲಿರುತ್ತದೆ.

ಇನ್ನೊಂದು ಸಂಗತಿ ಆ “ವಾಪಸ್ ಹೋಗುವಾಗ” ಎಂಬ ಎರಡು ಪದಗಳಲ್ಲಿದೆ. 1927ರಲ್ಲಿ ಬರ್ಲಿನ್ನಿನಲ್ಲಿ ಬ್ಲೂಮಾ ಜೈಗಾರ್ನಿಕ್ ಎಂಬ ಯುವತಿ, ಮುಗಿದ ಕೆಲಸಕ್ಕಿಂತ ಅರ್ಧಕ್ಕೆ ನಿಂತ ಕೆಲಸ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ ಎಂದು ತೋರಿಸಿದಳು. ಆಮೇಲೆ ಮಾಡಿದವರಿಗೆಲ್ಲ ಅದೇ ಫಲಿತಾಂಶ ಬರಲಿಲ್ಲ ಎಂಬುದನ್ನೂ ಹೇಳಬೇಕು. ಆದರೆ ಅರ್ಧಕ್ಕೆ ಬಿಟ್ಟದ್ದು ತಲೆ ತಿನ್ನುತ್ತದೆ ಎಂಬುದಕ್ಕೆ ನಮಗೆ ಪ್ರಯೋಗಶಾಲೆಯ ಸಾಕ್ಷಿ ಬೇಕಿಲ್ಲ. ನನಗೆ ಹೆಚ್ಚು ಮುಖ್ಯವೆನಿಸಿದ್ದು 2011ರಲ್ಲಿ ಮಾಸಿಕಾಂಪೊ ಮತ್ತು ಬೌಮೈಸ್ಟರ್ ಎಂಬ ಮನಶ್ಶಾಸ್ತ್ರಜ್ಞರು ಮಾಡಿದ ಪ್ರಯೋಗ. ಮುಗಿಯದ ಕೆಲಸ ನೆನಪಿಸಿಕೊಂಡವರು ಓದುವಾಗ ಅದರ ಯೋಚನೆಗೇ ಜಾರುತ್ತಿದ್ದರು. ಆ ಕೆಲಸವನ್ನು ಯಾವಾಗ, ಎಲ್ಲಿ, ಹೇಗೆ ಮಾಡುತ್ತೇನೆ ಎಂದು ನಿಗದಿ ಮಾಡಿಕೊಂಡವರಿಗೆ ಆ ಕಾಟ ಇಳಿಯಿತು. ಕೆಲಸ ಆಗಿರಲಿಲ್ಲ, ನಿಗದಿ ಆಗಿತ್ತು ಅಷ್ಟೆ. ಹಾಗಾಗಿ “ಮನೆ ಸಾಲ” ಎಂದು ಬರೆದ ಚೀಟಿ ಮನಸ್ಸನ್ನು ಹಗುರ ಮಾಡುವುದಿಲ್ಲ, ಇನ್ನಷ್ಟು ಚುಚ್ಚುತ್ತದೆ. “ಸೋಮವಾರ ಹನ್ನೊಂದಕ್ಕೆ ಬ್ಯಾಂಕು, ಪಾಸ್‌ಬುಕ್ ತೆಗೆದುಕೋ” ಎಂದು ಬರೆದರೆ ರಾತ್ರಿ ಮಲಗಬಹುದು.

ಮಲಗುವ ವಿಚಾರಕ್ಕೂ ಪ್ರಯೋಗವಿದೆ. 2018ರಲ್ಲಿ ಅಮೆರಿಕದ ಬೇಲರ್ ವಿಶ್ವವಿದ್ಯಾಲಯದಲ್ಲಿ 57 ಜನ ತರುಣ ತರುಣಿಯರನ್ನು ನಿದ್ದೆಯ ಪ್ರಯೋಗಾಲಯದಲ್ಲಿ ಮಲಗಿಸಿದರು. ಮಲಗುವ ಮುಂಚೆ ಐದು ನಿಮಿಷ ಬರೆಯಬೇಕು. ಅರ್ಧ ಜನ ಮುಂದಿನ ದಿನಗಳಲ್ಲಿ ಮಾಡಬೇಕಾದದ್ದನ್ನು, ಅರ್ಧ ಜನ ಆಗಲೇ ಮಾಡಿ ಮುಗಿಸಿದ್ದನ್ನು. ಮಾಡಬೇಕಾದದ್ದನ್ನು ಬರೆದವರು ಸರಾಸರಿ ಒಂಬತ್ತು ನಿಮಿಷ ಬೇಗ ನಿದ್ದೆ ಹೋದರು. ಪಟ್ಟಿ ಎಷ್ಟು ವಿವರವಾಗಿತ್ತೋ ಅಷ್ಟು ಬೇಗ. ನಾನು ಎದುರು ನೋಡಿದ್ದು ತಿರುವುಮುರುವಾಗಿತ್ತು. ಮುಗಿಸಿದ ಕೆಲಸಗಳನ್ನು ನೆನೆದವರು ನೆಮ್ಮದಿಯಾಗಿ ಮಲಗಬೇಕಿತ್ತಲ್ಲ? ಮನಸ್ಸಿಗೆ ಮುಗಿಸಿದ್ದರ ಹೆಮ್ಮೆಗಿಂತ ಬಾಕಿಯ ಚಿಂತೆ ದೊಡ್ಡದು. ಇದು ಆರೋಗ್ಯವಂತರ ಮೇಲೆ, ಒಂದೇ ರಾತ್ರಿ ಮಾಡಿದ ಸಣ್ಣ ಪ್ರಯೋಗ. ನಿದ್ದೆ ಬಾರದ ಕಾಯಿಲೆಗೆ ಔಷಧ ಸಿಕ್ಕಿತು ಎಂದು ಯಾರೂ ಹಿಗ್ಗಬೇಡಿ.

ಸಂಕಟ ತೋಡಿಕೊಳ್ಳುವ ಬರವಣಿಗೆ ಇದಕ್ಕಿಂತ ಬೇರೆ. 1986ರಲ್ಲಿ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ವಿದ್ಯಾರ್ಥಿಗಳಿಂದ ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ, ಬದುಕಿನ ಕಹಿ ಘಟನೆಯ ಬಗ್ಗೆ ಬರೆಸಿದ. ಆಮೇಲಿನ ತಿಂಗಳುಗಳಲ್ಲಿ ಅವರು ವೈದ್ಯರ ಬಳಿ ಹೋದದ್ದು ಕಡಿಮೆಯಾಯಿತು. ಅಲ್ಲಿಂದ ನೂರಾರು ಪ್ರಯೋಗಗಳಾದವು. 2006ರಲ್ಲಿ 146 ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಉಪಯೋಗ ಇದೆ, ಆದರೆ ಸಣ್ಣದು ಎಂದು ತಿಳಿಯಿತು. ಬರೆದದ್ದನ್ನೇ ದಿನವೂ ಬರೆಯುತ್ತ, ಹಳೆಯ ಗಾಯ ಕೆರೆದುಕೊಳ್ಳುವವರೂ ಇದ್ದಾರೆ. ಅವರಿಗೆ ನಾನು ಪೆನ್ನು ಕೆಳಗಿಟ್ಟು ಯಾರೊಡನಾದರೂ ಮಾತಾಡಿ ಎನ್ನುತ್ತೇನೆ. ಟೆಲಿಮಾನಸ್ ಎಂಬ ಸರ್ಕಾರಿ ಸಹಾಯವಾಣಿ 2022ರ ಅಕ್ಟೋಬರ್ 10ರಿಂದ ಇದೆ, ಸಂಖ್ಯೆ 14416, ಹಣ ಕೊಡಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ತಮಿಳಿನಲ್ಲೂ ಮಾತಾಡಬಹುದು, ಕನ್ನಡದಲ್ಲೂ ಮಾತಾಡಬಹುದು.

ಚೀಟಿಯ ವಿರುದ್ಧ ಹಿರಿಯರ ತಕರಾರು ಒಂದಿದೆ. ಎಲ್ಲವನ್ನೂ ಬರೆದಿಟ್ಟರೆ ನೆನಪಿನ ಶಕ್ತಿ ಸಾಯುವುದಿಲ್ಲವೇ? ಈ ತಕರಾರು ಇಂದಿನದಲ್ಲ. ಅಕ್ಷರ ಬಂದರೆ ಜನ ಮರೆಗುಳಿಗಳಾಗುತ್ತಾರೆ ಎಂದು ಸಾಕ್ರಟೀಸ್ ಹೇಳಿದನೆಂದು ಪ್ಲೇಟೊ ಬರೆದಿಟ್ಟಿದ್ದಾನೆ. ಬರೆದಿಟ್ಟದ್ದರಿಂದ ನಮಗೆ ತಿಳಿಯಿತು. ನಮ್ಮಲ್ಲೂ ಪುಸ್ತಕದ ವಿದ್ಯೆಗಿಂತ ಮಸ್ತಕದ ವಿದ್ಯೆಗೆ ಬೆಲೆ. ಈ ತಕರಾರಿಗೆ ಉತ್ತರವನ್ನು ನಾನು ಪುಸ್ತಕದಿಂದ ಕೊಡುವುದಿಲ್ಲ, ಸಿರುಮುಗೈಯಿಂದ ಕೊಡುತ್ತೇನೆ. ಇಲ್ಲಿಂದ ಮೇಟುಪಾಳ್ಯದ ಕಡೆಗೆ ಹೋದರೆ ಸಿಗುವ ನೇಕಾರರ ಊರು, ದೇವಾಂಗರ ಮನೆಗಳು, ಒಳಗೆ ಹೆಜ್ಜೆಯಿಟ್ಟರೆ ಕನ್ನಡ ಕಿವಿಗೆ ಬೀಳುತ್ತದೆ. ಗುಂಡಿ ಮಗ್ಗದ ಮೇಲೆ ಜಕಾರ್ಡ್ ಪೆಟ್ಟಿಗೆ ಕೂತಿರುತ್ತದೆ. ತೂತು ಹೊಡೆದ ರಟ್ಟಿನ ಕಾರ್ಡುಗಳನ್ನು ದಾರದಲ್ಲಿ ಹೊಲಿದು ಸರ ಮಾಡಿ ಅದಕ್ಕೆ ತೂಗುಹಾಕಿರುತ್ತಾರೆ. ನೇಕಾರ ತುಳಿದಾಗಲೆಲ್ಲ ಒಂದು ಕಾರ್ಡು ಮುಂದೆ ಬರುತ್ತದೆ. ತೂತಿರುವಲ್ಲಿ ಸೂಜಿ ಒಳಗೆ ಹೋಗುತ್ತದೆ, ಅದರ ಕೊಕ್ಕೆ ಮೇಲೇಳುತ್ತದೆ, ಕೊಕ್ಕೆಗೆ ಕಟ್ಟಿದ ಹಾಸಿನ ಎಳೆ ಎದ್ದು ನಿಲ್ಲುತ್ತದೆ. ತೂತಿಲ್ಲದಲ್ಲಿ ಎಳೆ ಮಲಗಿಯೇ ಇರುತ್ತದೆ. ಲಾಳಿ ನಡುವೆ ಹಾಯುತ್ತದೆ. ಒಂದು ಹೊಕ್ಕಿಗೆ ಒಂದು ಕಾರ್ಡು. ಸೀರೆಯ ಅಂಚಿನ ನವಿಲು ನೇಕಾರನ ತಲೆಯಲ್ಲಿಲ್ಲ, ಆ ರಟ್ಟಿನಲ್ಲಿದೆ. 1804ರಲ್ಲಿ ಫ್ರಾನ್ಸಿನ ಲಿಯೋನ್ ಊರಿನಲ್ಲಿ ಜಕಾರ್ಡ್ ಎಂಬವನು ಕಟ್ಟಿದ ಈ ಏರ್ಪಾಟು ಲೋಕವನ್ನೆಲ್ಲ ಸುತ್ತಿ ಇಲ್ಲಿಗೂ ಬಂತು. ಈಗ ರಟ್ಟು ಹೋಗಿ ಎಲೆಕ್ಟ್ರಾನಿಕ್ ಜಕಾರ್ಡ್ ಬರುತ್ತಿದೆ.

ಆ ನೇಕಾರನನ್ನು ಯಾರಾದರೂ “ನವಿಲಿನ ಗರಿ ಎಷ್ಟು ಎಂದು ನಿನಗೆ ನೆನಪಿಲ್ಲವೇ, ಮರೆಗುಳಿ” ಎಂದು ಬೈದಿದ್ದಾರೆಯೇ? ನಮೂನೆ ರಟ್ಟಿಗೆ ಹೋದದ್ದರಿಂದ ಅವನ ಗಮನ ಎಳೆ ಹರಿದದ್ದು, ಹೊಕ್ಕಿನ ಬಿಗಿ, ಬಣ್ಣದ ತಪ್ಪು, ಇವುಗಳ ಮೇಲೆ ಇರುತ್ತದೆ. ಅವನ ಕಸುಬುಗಾರಿಕೆ ಅಲ್ಲಿದೆ. ಅದೇ ಮನೆಯ ಮೊಮ್ಮಗ ನಾಳೆಯ ಕೆಲಸವನ್ನು ಕ್ಯಾಲೆಂಡರಿನ ಹಿಂದೆ ಬರೆದುಕೊಂಡರೆ ಮಾತ್ರ “ಇಷ್ಟೂ ನೆನಪಿರೋದಿಲ್ವಾ ನಿಂಗೆ” ಎನ್ನುತ್ತೇವೆ. ನಾನು ಈ ವೇದಿಕೆಗೆ ಹೇಳಲು ಬಂದ ಮಾತು ಇದೇ. ಮಗ್ಗಕ್ಕೆ ಕೊಟ್ಟ ಮರ್ಯಾದೆಯನ್ನು ಚೀಟಿಗೂ ಕೊಡಿ.

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕನ್ನಡದವರಿಗೆ ಚೀಟಿಯ ವಿಷಯದಲ್ಲಿ ಒಂದು ಸಂಕೋಚವಿದೆ, ಅದನ್ನೂ ಹೇಳಿಬಿಡುತ್ತೇನೆ. ನೀವು ಮನೆಯಲ್ಲಿ ಕನ್ನಡ ಆಡುತ್ತೀರಿ, ಶಾಲೆಯಲ್ಲಿ ತಮಿಳು ಮತ್ತು ಇಂಗ್ಲಿಷ್ ಓದಿದ್ದೀರಿ. ನಿಮ್ಮಲ್ಲಿ ಬಹಳ ಜನರಿಗೆ ಕನ್ನಡದ ಅಕ್ಷರ ಬಾರದು. ಈ ಉಪನ್ಯಾಸ ಅಚ್ಚಾದ ಮೇಲೆ ಅದನ್ನು ನಿಮ್ಮ ಮಕ್ಕಳು ಓದಲಾರರು, ಯಾರಾದರೂ ಓದಿ ಹೇಳಬೇಕು. ರಾತ್ರಿ ಹನ್ನೊಂದಕ್ಕೆ ತಲೆಯಲ್ಲಿ ಓಡುವ ಮಾತು ಅಮ್ಮ ಆಡಿದ ಕನ್ನಡದಲ್ಲಿ ಓಡುತ್ತದೆ. ಅದನ್ನು ಬರೆಯಲು ಕೂತರೆ ಶಾಲೆಯ ತಮಿಳಿಗೆ ತಿರುಗಿಸಬೇಕು, ಅಥವಾ ಆಫೀಸಿನ ಇಂಗ್ಲಿಷಿಗೆ. ಅಷ್ಟರಲ್ಲಿ ಯೋಚನೆ ಜಾರಿರುತ್ತದೆ. ಹಾಗೆ ತಿರುಗಿಸಬೇಡಿ. ಕನ್ನಡವನ್ನೇ ತಮಿಳು ಅಕ್ಷರದಲ್ಲಿ ಬರೆಯಿರಿ. ತಮಿಳು ಲಿಪಿಯಲ್ಲಿ ಕಕಾರಕ್ಕೂ ಗಕಾರಕ್ಕೂ ಒಂದೇ ಅಕ್ಷರ, ಗಂಡ ಎಂದು ಬರೆದದ್ದನ್ನು ಕಂಡ ಎಂದೂ ಓದಬಹುದು. ಓದುವವರು ನೀವೊಬ್ಬರೇ ಆದಾಗ ಅದರಿಂದ ಯಾರಿಗೇನು ನಷ್ಟ? ಕುರಿಚಿ ಕೆರೆಯ ದಡದಲ್ಲಿ ತಮಿಳಿನ ಅಕ್ಷರಗಳಿಂದಲೇ ಕಟ್ಟಿದ ತಿರುವಳ್ಳುವರ್ ಇದ್ದಾರೆ. ಅವರ ಮುಂದೆ ನಿಂತು ಹೇಳಬೇಕಾದರೂ ಹೇಳುತ್ತೇನೆ: ನಿಮ್ಮ ಚೀಟಿಗೆ ವ್ಯಾಕರಣವಿಲ್ಲ, ಕಾಗುಣಿತವಿಲ್ಲ, ಅಂಕವಿಲ್ಲ. ಕನ್ನಡದ ಮೇಷ್ಟರುಗಳು ಕ್ಷಮಿಸಬೇಕು.

ಚೀಟಿ ಬರೆಯುವುದರಷ್ಟೇ ಮುಖ್ಯ ಅದನ್ನು ಅಳಿಸುವುದು. ಆ ವಿಚಾರದಲ್ಲಿ ನಮ್ಮ ಹಳಬರು ಬುದ್ಧಿವಂತರಿದ್ದರು. ಮೈಸೂರು ಸೀಮೆಯ ಶಾನುಭೋಗರು, ವ್ಯಾಪಾರಿಗಳು ಕಡತ ಬಳಸುತ್ತಿದ್ದರು. ಬಟ್ಟೆಗೆ ಇದ್ದಿಲಪುಡಿ ಮತ್ತು ಅಂಟು ಬಳಿದು ಕಪ್ಪು ಮಾಡಿ, ಮಡಿಸಿ ಮಡಿಸಿ ಪುಸ್ತಕದಂತೆ ಇಟ್ಟು, ಬಳಪದಿಂದ ಬರೆಯುವ ಸಾಧನ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ಇತಿಹಾಸದ ಗ್ರಂಥದಲ್ಲಿ, 1810ರಷ್ಟು ಹಿಂದೆಯೇ, ಇದನ್ನು ವಿವರವಾಗಿ ಬಣ್ಣಿಸಿದ್ದಾನೆ. ಬೇಡವಾದದ್ದನ್ನು ಒರೆಸಬಹುದಿತ್ತು, ಬೇಕಾದದ್ದು ವರ್ಷಗಟ್ಟಲೆ ಉಳಿಯುತ್ತಿತ್ತು. ಒಂದೇ ಪುಸ್ತಕದಲ್ಲಿ ಎರಡೂ ಅನುಕೂಲ. ಇಂದಿನ ಡೈರಿಗಳಿಗೆ, ಆ್ಯಪ್‌ಗಳಿಗೆ ಒರೆಸುವ ಗುಣ ಕಡಿಮೆ. ಮುಗಿಯದ ಸಾಲುಗಳು ತಿಂಗಳಾನುಗಟ್ಟಲೆ ಕೆಂಪು ಬಣ್ಣದಲ್ಲಿ ಮಿನುಗುತ್ತ, ನೀನು ಕೆಲಸಕ್ಕೆ ಬಾರದವನು ಎನ್ನುತ್ತಿರುತ್ತವೆ. ಎಡಿಎಚ್‌ಡಿಯವರು ಪಟ್ಟಿಯನ್ನು ಬಿಟ್ಟುಬಿಡುವುದು ಮರೆವಿನಿಂದಷ್ಟೇ ಎಂದು ನನಗೆ ಅನ್ನಿಸುವುದಿಲ್ಲ, ಆ ಬೈಗುಳ ತಪ್ಪಿಸಿಕೊಳ್ಳಲೂ ಬಿಡುತ್ತಾರೆ. ದಿನದ ಹಾಳೆ ದಿನಕ್ಕೇ ಸಾಯಬೇಕು. ಮೂರು ಸಲ ನಾಳೆಯ ಹಾಳೆಗೆ ದಾಟಿದ ಸಾಲನ್ನು ನಾಲ್ಕನೇ ಸಲ ದಾಟಿಸಬೇಡಿ. ಅದನ್ನು ತುಂಡು ಮಾಡಿ, ಇಲ್ಲವೇ ಬೇರೆಯವರಿಗೆ ಕೊಡಿ, ಇಲ್ಲವೇ ಬಿಟ್ಟುಬಿಡಿ.

ಬೇರೆಯವರಿಗೆ ಕೊಡಿ ಎಂದೆ. ಸಭೆಯಲ್ಲಿ ಕೂತ ಹೆಂಗಸರು ಆಗಲೇ ಮುಖ ನೋಡಿಕೊಳ್ಳುತ್ತಿದ್ದಾರೆ. ಗ್ಯಾಸ್ ಬುಕ್ ಮಾಡುವುದು, ಚೀಟಿ ಫಂಡಿನ ಕಂತು, ಮಾವನ ಕಣ್ಣಿನ ಪರೀಕ್ಷೆ, ಮಗಳ ಪ್ರಾಜೆಕ್ಟಿಗೆ ಥರ್ಮಾಕೋಲ್, ನಾದಿನಿಯ ಮನೆಯ ಸೀಮಂತಕ್ಕೆ ಬಳೆ. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಎಂಟು ಗಂಟೆ ಹೊಲಿಗೆಯಂತ್ರದ ಮುಂದೆ ಕೂತು ಬಂದವಳ ತಲೆಯಲ್ಲೂ ಇದೆಲ್ಲ ಇರುತ್ತದೆ. ಇದು ಎಡಿಎಚ್‌ಡಿ ಅಲ್ಲ. ಇದು ಐದು ಜನರ ನೆನಪನ್ನು ಒಬ್ಬಳ ತಲೆಗೆ ಕಟ್ಟಿದ್ದು. ಅವಳಿಗೆ ಎಡಿಎಚ್‌ಡಿಯೂ ಇದ್ದರೆ ಪಾಡು ಹೇಳತೀರದು. ಅಡುಗೆಮನೆಯ ಬಾಗಿಲಿಗೆ ಅವಳೇ ಪಟ್ಟಿ ಅಂಟಿಸಿ, ಅವಳೇ ಓದಿ, ಅವಳೇ ಮಾಡಬೇಕಾದರೆ ಆ ಪಟ್ಟಿ ಹೊರೆ ಇಳಿಸುವುದಿಲ್ಲ, ಹೊರೆಯನ್ನು ಎಣಿಸಿ ತೋರಿಸುತ್ತದೆ ಅಷ್ಟೆ. ಒಂದು ವಾರ ಎಲ್ಲವನ್ನೂ ಬರೆದು, ಭಾನುವಾರ ಮನೆಯವರ ಮುಂದೆ ಹರಡಿ, ಪ್ರತಿ ಸಾಲಿನ ಮುಂದೆ ಒಬ್ಬೊಬ್ಬರ ಹೆಸರು ಬರೆಸಿ. ಗಂಡಸರು ಮೊದಲು ನಗುತ್ತಾರೆ, ಆಮೇಲೆ ಪಟ್ಟಿಯ ಉದ್ದ ನೋಡಿ ಸುಮ್ಮನಾಗುತ್ತಾರೆ.

ಚೀಟಿಯಿಂದ ಎಲ್ಲ ಸರಿಹೋಗುತ್ತದೆ ಎಂದು ಹೇಳಿ ಹೋದರೆ ತಪ್ಪಾಗುತ್ತದೆ. ಸಾಫ್ರೆನ್ ಪ್ರಯೋಗದವರು ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದರು, ನೆನಪಿರಲಿ. ಮೀಥೈಲ್‌ಫೆನಿಡೇಟ್, ಅಟೊಮೋಕ್ಸೆಟಿನ್ ನಮ್ಮ ದೇಶದಲ್ಲೂ ಮನೋವೈದ್ಯರ ಚೀಟಿಯ ಮೇಲೆ ಸಿಗುತ್ತವೆ, ಬಹಳ ಜನರಿಗೆ ಉಪಯೋಗವಾಗಿದೆ. ಹುಚ್ಚಿನ ಮಾತ್ರೆ ಎಂದು ಹೆದರಿಸಿ ಮಗುವಿಗೆ ಕೊಡದೆ ಬಿಡಬೇಡಿ. ಪಕ್ಕದ ಮನೆಯವರು ಹೇಳಿದರೆಂದು ಕೊಡಿಸಲೂ ಬೇಡಿ. ಮತ್ತೆ, ಹನ್ನೆರಡು ವರ್ಷ ವಯಸ್ಸಿಗೆ ಮುಂಚೆ ಯಾವ ಲಕ್ಷಣವೂ ಇಲ್ಲದೆ, ನಲವತ್ತರಲ್ಲಿ ಇದ್ದಕ್ಕಿದ್ದಂತೆ ಮರೆವು ಬಂದರೆ ಅದು ಎಡಿಎಚ್‌ಡಿ ಆಗಿರುವ ಸಂಭವ ಕಡಿಮೆ. ಥೈರಾಯ್ಡ್, ನಿದ್ದೆ, ಖಿನ್ನತೆ, ಇವನ್ನು ಮೊದಲು ನೋಡಿಸಬೇಕು.

ಇಲ್ಲಿ ಶಾಲೆಗಳ ಮುಖ್ಯೋಪಾಧ್ಯಾಯರು ಇಬ್ಬರು ಮೂವರು ಕೂತಿದ್ದೀರಿ, ನಿಮ್ಮಲ್ಲಿ ಒಂದು ಕೋರಿಕೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿದೆ. ಕಲಿಕೆಯ ನಿರ್ದಿಷ್ಟ ತೊಂದರೆ ಅದರಲ್ಲಿದೆ, ಎಡಿಎಚ್‌ಡಿ ಬೇರೆ ಹೆಸರಾಗಿ ಇಲ್ಲ. ಹಾಗಾಗಿ ಇಂಥ ಮಗುವಿಗೆ ಸಿಗುವ ಅನುಕೂಲ ಬಹುಮಟ್ಟಿಗೆ ತರಗತಿಯ ಶಿಕ್ಷಕರ ಮನಸ್ಸಿನ ಮೇಲೆ ನಿಂತಿದೆ. ಮೇಜಿನ ಮೂಲೆಗೆ ಅಂಟಿಸಿದ ನಾಲ್ಕು ಸಾಲಿನ ಪಟ್ಟಿ, ಬೋರ್ಡಿನ ಹೋಮ್‌ವರ್ಕ್ ಬರೆದುಕೊಂಡನೇ ಎಂದು ಬೆಲ್ ಹೊಡೆಯುವ ಮುಂಚೆ ಒಮ್ಮೆ ಇಣುಕಿ ನೋಡುವುದು, ಪಾಠದ ನಡುವೆ ಹೊಳೆದದ್ದನ್ನು ಗುರುತು ಹಾಕಿಕೊಳ್ಳಲು ನೋಟ್‌ಬುಕ್ಕಿನ ಕೊನೆಯ ಪುಟ ಬಿಟ್ಟುಕೊಡುವುದು, ಇವಕ್ಕೆ ಸರ್ಟಿಫಿಕೇಟೂ ಬೇಡ, ಇಲಾಖೆಯ ಆದೇಶವೂ ಬೇಡ. ಶಾಲೆಗಳು ಜೂನಿನಲ್ಲಿ ತೆರೆಯುತ್ತವೆ. ಮೊದಲ ವಾರದಲ್ಲೇ ಶುರುಮಾಡಬಹುದು.